ಮಾಡಿನ ಲೆಕ್ಕ

ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು ಹೆಂಚಿನ ವಿಷಯವಾಗಿ ಮಾತನಾಡಲು ಕುಳಿತಿದ್ದಾನೆಂದರೆ ಕೇಳುವವರಿಗೆ ಸೋಜಿಗವೆನಿಸಬಹುದು. ಈ ವಿಷಯದಲ್ಲಿ ನನಗಿರುವ ಅರ್ಹತೆ ಒಂದೇ. ನಾನು ಒಮ್ಮೆ ಲೆಕ್ಕ ತಪ್ಪಿದವನು.

2018ರ ಬೇಸಗೆಯಲ್ಲಿ ತೀರ್ಥಹಳ್ಳಿಯ ಸಮೀಪ, ತಂದೆಯವರ ಕಾಲದ ಮನೆಯಿದ್ದ ಜಾಗದಲ್ಲಿಯೇ, ಒಂದು ಚಿಕ್ಕ ಮನೆ ಕಟ್ಟಿಸಿದೆ. ಎಂಬತ್ತನಾಲ್ಕು ವರ್ಷದ ನನ್ನ ತಾಯಿ ಆಗ ನಮ್ಮೊಡನೆ ಪೇಟೆಯ ಬಾಡಿಗೆ ಮನೆಯಲ್ಲಿದ್ದರು. ಮೃಗಶಿರಾ ಮಳೆ ಹಿಡಿಯುವ ಮೊದಲು ಊರಿಗೆ ಕರೆದೊಯ್ಯುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ. ತಾರಸಿ ಬೇಡ, ಹೆಂಚಿನ ಮಾಡೇ ಆಗಬೇಕು ಎಂಬುದೊಂದೇ ಅವರ ಹಟ.

ಗೋಡೆಯ ಹೊರಮೈ ಅಳತೆಯಲ್ಲಿ ಮನೆಯ ಉದ್ದ 30 ಅಡಿ, ಅಗಲ 24 ಅಡಿ. ಅಂದರೆ 720 ಚದರ ಅಡಿ. ನೂರು ಚದರ ಅಡಿಗೆ ಸುಮಾರು 140 ಹೆಂಚು ಬೇಕೆಂದು ಬಲ್ಲವರೊಬ್ಬರು ಹೇಳಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಗುಣಿಸಿದೆ, 1008 ಬಂತು. ಒಡೆದು ಹೋಗುವುದಕ್ಕೆಂದು ಒಂದಿಷ್ಟು ಸೇರಿಸಿ 1100 ಹೆಂಚು ತರಿಸಿದೆ. ಮಾಡಿನ ಒಂದು ಮಗ್ಗುಲನ್ನು ಪೂರ್ತಿ ಹೊದಿಸಿ, ಇನ್ನೊಂದರ ಮೂರನೆಯ ಒಂದು ಪಾಲು ಮುಗಿಯುವಷ್ಟರಲ್ಲಿ ಹೆಂಚು ತೀರಿಹೋಯಿತು. ಅಂದು ಮೇ ತಿಂಗಳ ಇಪ್ಪತ್ತೆಂಟು. ಸುದ್ದಿ ಕೇಳಿದ ತಾಯಿಯವರು ಕೇಳಿದ್ದು ಒಂದೇ ಮಾತು: "ಮನೆ ಅಳೆದೆ ಸರಿ, ಮಾಡು ಅಳೆದ್ಯೇನೊ?"

ಗಣ, ಮಾತ್ರೆಗಳನ್ನು ಎಣಿಸುತ್ತ ಆಯುಷ್ಯ ಕಳೆದವನಿಗೆ ಈ ಎಣಿಕೆ ಹೊಳೆದಿರಲಿಲ್ಲ. ಮಾಡು ಮನೆಗಿಂತ ದೊಡ್ಡದು. ಅದು ಗೋಡೆಯನ್ನು ದಾಟಿ ಸೂರಾಗಿ ಚಾಚಬೇಕು. ಅಲ್ಲದೆ ಇಳಿಜಾರಾಗಿರುವುದರಿಂದ ಅದರ ಮೈ ನೆಲದ ಅಳತೆಗಿಂತ ಉದ್ದ. ನಮ್ಮ ಮನೆಗೆ ನಾಲ್ಕೂ ಕಡೆ ಎರಡೂವರೆ ಅಡಿ ಸೂರು. ಹೀಗಾಗಿ ಉದ್ದ 35 ಅಡಿಯಾಯಿತು, ಅಗಲ 29 ಅಡಿಯಾಯಿತು. ಅಗಲದ ಅರ್ಧ 14½ ಅಡಿ. ಮಲೆನಾಡಿನ ಮಳೆಗೆ ಮೂವತ್ತು ಡಿಗ್ರಿ ಇಳಿಜಾರು ಬೇಕು. ಅದಕ್ಕಿಂತ ತೀರ ಚಪ್ಪಟೆಯಾದರೆ ಗಾಳಿಮಳೆಯ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೇರುತ್ತದೆ. ಆ ಇಳಿಜಾರಿಗೆ ನಡುವಿನ ಎತ್ತರ ಸುಮಾರು 8 ಅಡಿ 5 ಅಂಗುಲ. ಇನ್ನುಳಿದುದು ಹೈಸ್ಕೂಲಿನಲ್ಲಿ ಎಲ್ಲರೂ ಕಲಿತ ಲಂಬಕೋನ ತ್ರಿಭುಜ: ಸೂರಿನ ತುದಿಯಿಂದ ನೆತ್ತಿಯವರೆಗೆ 16¾ ಅಡಿ. ಅದನ್ನು 35ರಿಂದ ಗುಣಿಸಿ ಎರಡು ಮಗ್ಗುಲಿಗೆಂದು ಇಮ್ಮಡಿಸಿದರೆ 1172 ಚದರ ಅಡಿ. ಬೇಕಾಗಿದ್ದುದು 1640 ಹೆಂಚು. ಒಡೆತಕ್ಕೆ ನೂರಕ್ಕೆ ಐದಾರರಂತೆ ಸೇರಿಸಿದರೆ 1740ರ ಹತ್ತಿರ.

ಕಡಮೆ ಬಿದ್ದುದನ್ನು ತರಿಸಿದರಾಯಿತಲ್ಲ ಎಂದು ನಾನೂ ಅಂದುಕೊಂಡೆ. ಮೊದಲಿನ ಕಾರ್ಖಾನೆಯ ದಾಸ್ತಾನು ಮುಗಿದಿದೆಯೆಂದು ವ್ಯಾಪಾರಿ ಬೇರೊಂದರ ಹೆಂಚು ಕಳುಹಿಸಿದ. ಬಣ್ಣ ಅದೇ, ಆಕಾರ ಅದೇ. ಬಡಗಿ ಒಂದನ್ನು ಎತ್ತಿ ಹಳೆಯದರ ಪಕ್ಕಕ್ಕಿಟ್ಟು, "ಮೇಷ್ಟ್ರೇ, ಇವೆರಡೂ ಒಂದಕ್ಕೊಂದು ಕೂರೋದಿಲ್ಲ" ಎಂದ.

ಅದೇಕೆಂಬುದು ಅರ್ಥವಾಗಬೇಕಾದರೆ ಈ ಹೆಂಚಿನ ಹುಟ್ಟನ್ನು ನೋಡಬೇಕು. ಮೊದಲು ನಮ್ಮಲ್ಲಿದ್ದುದು ಕುಂಬಾರನು ಮಾಡುತ್ತಿದ್ದ ಅರೆಗೊಳವಿಯಂಥ ನಾಡಹೆಂಚು. ಒಂದನ್ನು ಅಂಗಾತ, ಒಂದನ್ನು ಕವುಚಿ ಹಾಕಿದರಾಯಿತು, ಯಾವುದಕ್ಕೂ ಯಾವುದಾದರೂ ಸರಿ. ಆದರೆ ಭಾರ ಹೆಚ್ಚು. ಮೇಲಾಗಿ ವರ್ಷ ವರ್ಷವೂ ಕೈಯಾಡಿಸಬೇಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನಿಯವರು ನದೀತೀರದ ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿಸಿ ಮಾಡಿಸಿದ ಚಪ್ಪಟೆ ಹೆಂಚೇ ಮಂಗಳೂರು ಹೆಂಚು. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದುದೂ ಇದೇ ಮಿಶನ್ನಿನ ಮುದ್ರಣಾಲಯದಿಂದ. ಅಚ್ಚಿನ ಕೆಲಸ ಬಲ್ಲ ಜನ!

ಈ ಹೆಂಚಿನ ಒಂದು ಅಂಚಿನಲ್ಲಿ ತೋಡು, ಇನ್ನೊಂದರಲ್ಲಿ ಏಣು. ಪಕ್ಕದ ಹೆಂಚಿನ ಏಣು ಇದರ ತೋಡಿನಲ್ಲಿ ಕೂರುತ್ತದೆ. ಅಡಿಯಲ್ಲಿ ಎರಡು ಮೂಗುಗಳಿದ್ದು ಅವು ರೀಪಿಗೆ ಕಚ್ಚಿ ನಿಲ್ಲುತ್ತವೆ. ಸುಣ್ಣಗಾರೆಯ ಹಂಗಿಲ್ಲದೆ ನೀರನ್ನು ತಡೆಯುವ ಜಾಣತನವೆಲ್ಲ ಈ ಜೋಡಣೆಯಲ್ಲಿದೆ. ಕಾರ್ಖಾನೆ ಬೇರೆಯಾದರೆ ಅಚ್ಚು ಬೇರೆ, ಅಚ್ಚು ಬೇರೆಯಾದರೆ ತೋಡು ಬೇರೆ. ಹೆಂಚಿನ ಅಡಿಮೈಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ; ಕೊಳ್ಳುವವರು ಮೊದಲು ಓದಬೇಕಾದದ್ದು ಅದನ್ನು. ಓದುವುದೇ ಕಸುಬಾಗಿದ್ದ ನಾನು ಅದನ್ನು ಓದಿರಲಿಲ್ಲ.

ಇನ್ನು ರೀಪಿನ ಮಾತು. ಹೆಂಚಿನ ಉದ್ದ ಸುಮಾರು 16 ಅಂಗುಲವಾದರೂ ಮೇಲಿನ ಸಾಲು ಕೆಳಗಿನದನ್ನು ಒಂದಿಷ್ಟು ಮುಚ್ಚುವುದರಿಂದ ರೀಪಿನಿಂದ ರೀಪಿಗೆ ಹನ್ನೆರಡೂವರೆ ಅಂಗುಲದ ಆಸುಪಾಸು ಅಂತರ. ಈ ಅಂತರವನ್ನು ಪುಸ್ತಕ ನೋಡಿ ಹೊಡೆಯಬಾರದು. ಬಂದ ರಾಶಿಯಿಂದಲೇ ಹತ್ತು ಹೆಂಚು ತೆಗೆದು, ನೆಲದ ಮೇಲೆ ಒಂದಕ್ಕೊಂದು ಕೂಡಿಸಿ, ಒಮ್ಮೆ ಒತ್ತಿ ಒಮ್ಮೆ ಎಳೆದು ಅಳೆದು, ಎರಡರ ನಡುವಣ ಅಳತೆ ಹಿಡಿಯಬೇಕು. ಸಾಲುಗಳು ಇಡಿಯಾಗಿ ಬರುವಂತೆ ಸೂರನ್ನು ಒಂದೆರಡು ಅಂಗುಲ ಹೆಚ್ಚುಕಡಮೆ ಮಾಡಿಕೊಂಡರೆ ಹೆಂಚು ಕತ್ತರಿಸುವ ಗೋಜಿಲ್ಲ. ನಮ್ಮ ಮಾಡಿಗೆ ಮಗ್ಗುಲೊಂದಕ್ಕೆ 17 ಸಾಲು ರೀಪು. 35 ಅಡಿಯಂತೆ ಎರಡೂ ಸೇರಿ 1190 ಅಡಿ.

ಕೆಳಗಿನ ಮರ ಒಣಗಿರಬೇಕು. ಹಸಿಮರದ ರೀಪು ತಿರುಚಿದರೆ ಸಾಲೆಲ್ಲ ಬಾಯಿ ಬಿಡುತ್ತದೆ. ಹೆಂಚೊಂದು ಎರಡು ಕಿಲೋಗ್ರಾಮಿಗೆ ಮಿಕ್ಕಿ ತೂಗುವುದರಿಂದ ನೂರು ಚದರ ಅಡಿಗೆ ಮೂರು ಕ್ವಿಂಟಾಲಿನಷ್ಟು ಭಾರ, ನೆನೆದಾಗ ಇನ್ನೂ ಹೆಚ್ಚು. ಈಗ ಮರದ ಬದಲು ಕಬ್ಬಿಣದ ಕೊಳವೆಗಳನ್ನೇ ಹಾಕುವವರಿದ್ದಾರೆ. ಅದು ತಪ್ಪಲ್ಲ. ತಗಡಿನ ಹೊದಿಕೆಯೂ ಊರೂರಲ್ಲಿ ಬಂದಿದೆ. ಅದು ಹಗುರ, ಬೇಗ ಮುಗಿಯುತ್ತದೆ. ಆದರೆ ಆಷಾಢದ ಮಳೆಯಲ್ಲಿ ಅದರ ಕೆಳಗೆ ಕುಳಿತು ಒಬ್ಬರ ಮಾತು ಒಬ್ಬರಿಗೆ ಕೇಳಿಸಿದರೆ ಹೇಳಿ.

ಒಳ್ಳೆಯ ಹೆಂಚನ್ನು ಗುರುತಿಸುವುದು ಕಷ್ಟವೇನಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಕಂಚಿನ ದನಿ ಬರಬೇಕು. ಮಂಕು ದನಿ ಬಂದರೆ ಬಿರುಕಿದೆ, ಇಲ್ಲವೆ ಬೆಂದಿಲ್ಲ. ಸಮನೆಲದ ಮೇಲಿಟ್ಟರೆ ನಾಲ್ಕು ಮೂಲೆಯೂ ತಾಗಬೇಕು. ಒಡೆದ ಮೈಯಲ್ಲಿ ಸುಣ್ಣದ ಬಿಳಿ ಹರಳು ಕಂಡರೆ ಬೇಡ. ನೀರು ಕುಡಿದು ಅದು ಅರಳಿ ಹೆಂಚನ್ನು ಸಿಡಿಸುತ್ತದೆ. ಒಣಗಿದ ಹೆಂಚನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು, ಮತ್ತೆ ತೂಗಿ; ಐದರಲ್ಲೊಂದು ಪಾಲಿಗಿಂತ ಬಹಳ ಹೆಚ್ಚು ತೂಕ ಏರಿದರೆ ಅದು ನೀರು ಕುಡಿಯುವ ಹೆಂಚು.

ಬಡಗಿಯೇ ನಮಗೆ ದಾರಿ ತೋರಿದ. ಎರಡನೆಯ ಮಗ್ಗುಲಿಗೆ ಹೊದಿಸಿದ್ದನ್ನೆಲ್ಲ ಇಳಿಸಿ, ರೀಪು ಕಿತ್ತು, ಹೊಸ ಹೆಂಚಿನ ಅಳತೆಗೆ ಮತ್ತೆ ಹೊಡೆದು, ಆ ಮಗ್ಗುಲನ್ನು ಪೂರ್ತಿ ಹೊಸದರಿಂದಲೇ ಹೊದಿಸಿದ. ಎರಡೂ ಸೇರುವ ನೆತ್ತಿಯನ್ನು ಅಲ್ಲಿಗೆಂದೇ ಮಾಡಿದ ಡೊಂಕು ಹೆಂಚು ಮುಚ್ಚಿತು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಟಾರ್ಪಾಲಿನ ಮರೆಯಲ್ಲಿಯೇ ಕೆಲಸ ನಡೆಯಿತು. ಒಳಗಿನ ಮುಚ್ಚಿಗೆಯ ಹಲಗೆ ನೆನೆದು ಉಬ್ಬಿದ ಗುರುತು ನಡುಮನೆಯಲ್ಲಿ ಇಂದಿಗೂ ಇದೆ. ಮೃಗಶಿರೆಗೆ ಬರಬೇಕಾದ ತಾಯಿಯವರು ಬಂದದ್ದು ಆರಿದ್ರಾ ಮಳೆಯಲ್ಲಿ. ಬಂದವರು ಆ ಗುರುತನ್ನು ತಲೆಯೆತ್ತಿ ನೋಡಿದರು, ಏನೂ ಅನ್ನಲಿಲ್ಲ.

ಇಳಿಸಿದ ಹಳೆಯ ಹೆಂಚುಗಳನ್ನು ಹಿತ್ತಿಲ ಗೋಡೆಗೆ ಆನಿಸಿ ನಿಲ್ಲಿಸಿದ್ದೇನೆ. ಮಂಗಗಳು ಒಡೆದುದನ್ನು ಪ್ರತಿ ಬೇಸಗೆಯೂ ಬದಲಿಸಲು ಅವು ಬೇಕೇ ಬೇಕು. ಎರಡನೆಯ ಮಗ್ಗುಲಿನ ಮಿಗತೆಯದು ಬೇರೆ ರಾಶಿ. ಎರಡೂ ಬೆರೆಯದಂತೆ ನಡುವೆ ಒಂದು ಬಾಳೆಯ ಬುಡವಿದೆ.