ಅರ್ಥಿಂಗ್ ಒಂದಿದ್ದರೆ ಸಾಕೆ?

ಎರಡೂ ಕಡೆ ಅರ್ಥಿಂಗ್ ಗಟ್ಟಿಯಾಗಿದ್ದರೆ ನಡುವಿನ ಸಿಗ್ನಲ್ ತಂತಿಗೆ ಬೇರೆ ರಕ್ಷಣೆ ಬೇಡ ಎಂಬ ನಂಬಿಕೆ ಪಂಪ್‌ಹೌಸಿನಲ್ಲೂ ಇದೆ, ಕಾರ್ಖಾನೆಯಲ್ಲೂ ಇದೆ. ನೆಲವೆಲ್ಲ ಒಂದೇ, ಅದರ ವೋಲ್ಟೇಜ್ ಸದಾ ಸೊನ್ನೆ ಎಂಬ ಊಹೆ ಇದರ ಬುಡದಲ್ಲಿದೆ. ದೊಡ್ಡಗದ್ದವಳ್ಳಿಯಂಥ ಕೆರೆಯೂರಲ್ಲಿ ಕೆರೆ ಬದಿಗೆ ಪಂಪು, ಎತ್ತರದಲ್ಲಿ ಓವರ್‌ಹೆಡ್ ಟ್ಯಾಂಕು ಇದೆ ಎಂದುಕೊಳ್ಳಿ. ಕೆಳಗಿನ ಮಣ್ಣು ತೇವ, ಮೇಲಿನದು ಬೇಸಿಗೆಗೆ ಒಣಗಿ ಬಿರುಕುಬಿಟ್ಟಿರುತ್ತದೆ. ಇದ್ದಿಲು, ಉಪ್ಪು ತುಂಬಿ ಗುಂಡಿ ಮಾಡಿದರೂ ಎರಡರ ರೋಧ ಒಂದೇ ಆಗದು. ಮೋಟಾರಿನ ಸೋರಿಕೆ ಕರೆಂಟು ಒಂದು ಕಡೆ ನೆಲಕ್ಕಿಳಿಯುತ್ತಿದ್ದರೆ ಎರಡು ಅರ್ಥ್‌ಗಳ ನಡುವೆ 1 ವೋಲ್ಟ್ ವ್ಯತ್ಯಾಸ ಬರುವುದು ಹೆಚ್ಚೇನಲ್ಲ. ಆದರೆ ಖಾಲಿ ಟ್ಯಾಂಕಿಗೆ 1 ವೋಲ್ಟ್, ಭರ್ತಿಗೆ 5 ವೋಲ್ಟ್ ಕಳಿಸುವ ಸೆನ್ಸರಿಗೆ ಆ 1 ವೋಲ್ಟ್ ಎಂದರೆ ಕಾಲು ಟ್ಯಾಂಕ್ ನೀರು! ಅರ್ಧ ಟ್ಯಾಂಕು ಪ್ಯಾನೆಲ್‌ನಲ್ಲಿ ಮುಕ್ಕಾಲು ಎಂದು ಕಾಣಬಹುದು, ಬೈಸಿಕೊಳ್ಳುವವನು ನೀರಗಂಟಿ.

ಸಿಗ್ನಲ್ 4ರಿಂದ 20 ಮಿಲಿಆಂಪ್ ಕರೆಂಟಿನ ರೂಪದಲ್ಲಿದ್ದರೆ ಈ ತೊಂದರೆಯಿಲ್ಲವಲ್ಲ ಎನ್ನುವವರುಂಟು. ತಂತಿಯ ರೋಧದ ಮಟ್ಟಿಗೆ ಆ ಮಾತು ನಿಜ. ಆದರೆ ಅದೇ ಸರ್ಕ್ಯೂಟ್ ಸೆನ್ಸರಿನ ಬಳಿಯೊಮ್ಮೆ, ಪ್ಯಾನೆಲಿನ ಬಳಿಯೊಮ್ಮೆ ನೆಲಕ್ಕೆ ತಾಗಿದರೆ ಕರೆಂಟಿಗೆ ನೆಲವೂ ಒಂದು ದಾರಿಯಾಗಿ ಅಳತೆ ಕೆಡುತ್ತದೆ. ಸಿಗ್ನಲ್ ಐಸೊಲೇಟರ್ ಬೇಕಾಗುವುದು ಇಲ್ಲೇ. ಅದರೊಳಗೆ ಎರಡು ಬದಿಗೂ ತಂತಿಯ ನಂಟಿರುವುದಿಲ್ಲ, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವೋ ಎಲ್‌ಇಡಿಯ ಬೆಳಕೋ ಸುದ್ದಿಯನ್ನಷ್ಟೇ ದಾಟಿಸುತ್ತದೆ.

ಹಾಗಾದರೆ ಐಸೊಲೇಟರ್ ಹಾಕಿದ ಮೇಲೆ ಸಿಡಿಲಿನ ಭಯವಿಲ್ಲವೆ? ಇದು ಇನ್ನೊಂದು ತಪ್ಪು ಲೆಕ್ಕ. 10,000 ಆಂಪಿಯರಿನ ಸಿಡಿಲು 2 ಓಮ್ ಅರ್ಥ್‌ಗೆ ಇಳಿದರೆ ಆ ಕ್ಷಣಕ್ಕೆ ಅಲ್ಲಿಯ ನೆಲ 20,000 ವೋಲ್ಟಿಗೆ ಏರುತ್ತದೆ, ಅದೂ ಉತ್ತಮ ಅರ್ಥಿಂಗ್ ಎನಿಸಿಕೊಂಡ ಜಾಗದಲ್ಲಿ. ಹೀಗೆ ಬೆಳಕಿನಿಂದ ಸುದ್ದಿ ದಾಟಿಸುವ, ಎಲ್ಲೆಡೆ ಸಿಗುವ ಪಿಸಿ817 ಆಪ್ಟೊಕಪ್ಲರಿನ ತಡೆಯುವ ಶಕ್ತಿ 5,000 ವೋಲ್ಟ್, ಅದೂ ಒಂದು ನಿಮಿಷದ ಪರೀಕ್ಷೆಯ ಮಟ್ಟಿಗೆ. ಆದ್ದರಿಂದ ಸರ್ಜ್ ಪ್ರೊಟೆಕ್ಟರ್ ಜೊತೆಗಿರಲೇಬೇಕು. ಮೋಟಾರಿನ ಮೈಗೆ ಅರ್ಥಿಂಗ್ ಬೇಡವೆಂದೂ ಇದರರ್ಥವಲ್ಲ. ಮುಟ್ಟಿದವರ ಜೀವ ಉಳಿಸುವುದು ಆ ಅರ್ಥಿಂಗು, ಐಸೊಲೇಟರ್ ಆ ಕೆಲಸಕ್ಕಲ್ಲ.

ಬೋರ್ಡಿನ ಮೇಲೆ ಆಪ್ಟೊಕಪ್ಲರ್ ಕಂಡಿತೆಂದು ನೆಮ್ಮದಿಯಿಂದಿರುವುದೂ ತಪ್ಪೇ. ಅಗ್ಗದ ಅನೇಕ ರಿಲೇ ಬೋರ್ಡ್‌ಗಳಲ್ಲಿ ಜೆಡಿ-ವಿಸಿಸಿ ಎಂದು ಬರೆದ ಪಿನ್ನುಗಳ ಮೇಲೆ ಪುಟ್ಟ ಜಂಪರ್ ಕೂತಿರುತ್ತದೆ. ಅದು ಇದ್ದಷ್ಟು ದಿನ ರಿಲೇಗೂ ಕಂಟ್ರೋಲರಿಗೂ ಒಂದೇ ಸಪ್ಲೈ, ಹಾಗಾಗಿ ಐಸೊಲೇಷನ್ ಹೆಸರಿಗಷ್ಟೇ. ಜಂಪರ್ ಕಿತ್ತು ರಿಲೇಗೆ ಬೇರೆಯೇ ಸಪ್ಲೈ ಕೊಟ್ಟು, ಎರಡರ ನೆಗೆಟಿವ್ ತಂತಿಯನ್ನೂ ಕೂಡಿಸದೆ ಬಿಡಬೇಕು.