ಕೊಂಡ ಗಾಲಿ, ಕಡೆಸಿದ ಹಬ್

ಮುಂಡರಗಿ ಕಡೆಯ ಎರೆಹೊಲದಲ್ಲಿ ಸಾಲು ಮುಗಿದಾಗ ಟ್ರ್ಯಾಕ್ಟರ್ ಹೊರಳುವುದನ್ನು ಕಂಡವರಿಗೆ ವಿದ್ಯಾರ್ಥಿಗಳ ರೋಬೋ ಹೇಗೆ ತಿರುಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಟ್ರ್ಯಾಕ್ಟರಿನ ಎಡ, ಬಲ ಹಿಂಗಾಲಿಗಳಿಗೆ ಬೇರೆಬೇರೆ ಬ್ರೇಕ್. ಒಂದನ್ನು ತುಳಿದರೆ ಆ ಕಡೆಯ ಗಾಲಿ ನಿಂತು, ಇನ್ನೊಂದು ಅದರ ಸುತ್ತ ತಿರುಗುತ್ತದೆ. ರೋಬೋದಲ್ಲಿ ಬ್ರೇಕಿನ ಬದಲು ಎರಡು ಮೋಟರ್. ಎಡದ್ದು ನಿಧಾನವಾದರೆ ಯಂತ್ರ ಎಡಕ್ಕೆ ಹೊರಳುತ್ತದೆ.

ಶಾಲೆಯ ಲ್ಯಾಬುಗಳಲ್ಲಿ ಮಕ್ಕಳ ಕೈಗೆ ಮೊದಲು ಸಿಗುವುದು ಹಳದಿ ಬಣ್ಣದ ಬಿಓ ಮೋಟರ್. ಒಳಗೆ ಪ್ಲಾಸ್ಟಿಕ್ ಗೇರು. ಮೋಟರ್ 48 ಸುತ್ತು ಹಾಕಿದರೆ ಗಾಲಿಗೆ ಒಂದು ಸುತ್ತು. ಗಾಲಿಯ ಅಡ್ಡಳತೆ 65 ಮಿ.ಮೀ. ನಿಮಿಷಕ್ಕೆ 200 ಸುತ್ತು ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 68 ಸೆಂ.ಮೀ. ಓಟ, ಅದೂ ಮೇಲೆ ಭಾರವಿಲ್ಲದಾಗ. ರೋಬೋ ಕಿಟ್ಟಿನ ಜೊತೆ ಸಾಮಾನ್ಯವಾಗಿ ಬರುವ, ಮೋಟರಿಗೆ ಕರೆಂಟ್ ಹರಿಸುವ ಎಲ್298ಎನ್ ಡ್ರೈವರ್ ಸುಮಾರು 2 ವೋಲ್ಟನ್ನು ತಾನೇ ನುಂಗಿ ಬಿಸಿಯಾಗುತ್ತದೆ. ಬ್ಯಾಟರಿ 6 ವೋಲ್ಟಿನದಾದರೆ ಮೋಟರಿಗೆ ಉಳಿಯುವುದು 4. ರೋಬೋ ತೆವಳಿದರೆ ಮಕ್ಕಳು ಪ್ರೋಗ್ರಾಮನ್ನು ಬೈಯುತ್ತಾರೆ, ಪಾಪ.

ರೋಬೋ ಸ್ಪರ್ಧೆಗಳಲ್ಲಿ ಎರಡು ಜಾತಿ: ಸಿದ್ಧ ಯಂತ್ರ ಕೊಡುವವು, ತಂಡವೇ ಯಂತ್ರ ಕಟ್ಟಬೇಕಾದವು. ಐಐಟಿ ಬಾಂಬೆಯ ಇ-ಯಂತ್ರ ಸ್ಪರ್ಧೆ ಮೊದಲ ವರ್ಷಗಳಲ್ಲಿ ಆಯ್ಕೆಯಾದ ತಂಡಗಳಿಗೆ ಫೈರ್‌ಬರ್ಡ್ ಎಂಬ ಸಿದ್ಧ ರೋಬೋವನ್ನೇ ಕಳಿಸುತ್ತಿತ್ತು. ಎಲ್ಲರಿಗೂ ಅದೇ ಗಾಲಿ, ಅದೇ ಮೋಟರ್. ಪೈಪೋಟಿ ಏನಿದ್ದರೂ ಪ್ರೋಗ್ರಾಮಿನಲ್ಲಿ. 2002ರಲ್ಲಿ ಟೋಕಿಯೊದಲ್ಲಿ ಶುರುವಾದ ಏಷ್ಯಾ-ಪೆಸಿಫಿಕ್ ರೋಬೋಕಾನ್‌ನಲ್ಲಿ ವರ್ಷವರ್ಷ ಆಟವೇ ಬೇರೆ, ಯಂತ್ರವನ್ನು ತಂಡವೇ ಕಟ್ಟಬೇಕು. 2008ರಲ್ಲಿ ಪುಣೆಯಲ್ಲಿ ನಡೆದದ್ದು ಗೋಕುಲಾಷ್ಟಮಿಯ ಮೊಸರುಗಡಿಗೆಯ ಆಟ.

ಗದಗಿನ ತೋಂಟದಾರ್ಯ, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜುಗಳಂಥ ಕಡೆ ಹೊಸದಾಗಿ ತಂಡ ಕಟ್ಟುವವರಿಗೆ ನಾನು ಹೇಳುವುದಿಷ್ಟು: ಗೇರ್‌ಬಾಕ್ಸ್ ಕೊಳ್ಳಿ, ಚೌಕಟ್ಟು ನೀವೇ ಕಟ್ಟಿ. ಎರಡು ಗೇರುಗಳ ನಡುವಿನ ಅಂತರ ಕೂದಲೆಳೆಯಷ್ಟು ತಪ್ಪಿದರೂ ಹಲ್ಲು ಸವೆಯುತ್ತದೆ, ಇಲ್ಲವೇ ಹಲ್ಲು ಹಾರುತ್ತದೆ. ಆ ನಿಖರತೆಗೆ ಕಾರ್ಖಾನೆಯೇ ಬೇಕು.

ಚೌಕಟ್ಟಿನ ಮಾತು ಹಾಗಲ್ಲ. ನಾಲ್ಕು ಗಾಲಿಯ ಉದ್ದನೆಯ ರೋಬೋ ತಿರುಗುವಾಗ ಗಾಲಿಗಳು ಅಡ್ಡಡ್ಡ ಉಜ್ಜಿಕೊಳ್ಳುತ್ತವೆ, ಮೋಟರ್ ಕರೆಂಟ್ ಎಳೆದು ಏದುಸಿರು ಬಿಡುತ್ತದೆ. ಅಗಲ ಹೆಚ್ಚಿಸಿ ಉದ್ದ ತಗ್ಗಿಸಿದರೆ ಅರ್ಧ ಕಷ್ಟ ಕಳೆಯಿತು. ಅಮೆರಿಕದ ಫಸ್ಟ್ ಎಂಬ ರೋಬೋ ಸ್ಪರ್ಧೆಯ ತಂಡಗಳಿಗೆ ಸಿಗುವ ಸಿದ್ಧ ಷಾಸಿಯಲ್ಲಿ, ಅಂದರೆ ಚೌಕಟ್ಟಿನಲ್ಲಿ, ಇನ್ನೊಂದು ಉಪಾಯವಿದೆ. ಆರು ಗಾಲಿ, ನಡುವಿನ ಜೋಡಿ ಸುಮಾರು 3 ಮಿ.ಮೀ. ಕೆಳಗೆ. ಗಟ್ಟಿ ನೆಲದ ಮೇಲೆ ಒಮ್ಮೆಗೆ ಭಾರ ಹೊರುವುದು ನಾಲ್ಕೇ ಗಾಲಿ, ಅವುಗಳ ಅಂತರವೂ ಅರ್ಧ; ಹಾಗಾಗಿ ಉದ್ದನೆಯ ಯಂತ್ರವೂ ಗಿರ್ರನೆ ತಿರುಗುತ್ತದೆ. ಕೊಂಡ ಷಾಸಿಯೊಳಗೆ ಇಂಥ ಬುದ್ಧಿ ಅಡಗಿರುತ್ತದೆ. ಬೋಲ್ಟ್ ಬಿಗಿದು ಓಡಿಸಿದವರು ಅದನ್ನು ಕಾಣುವುದಿಲ್ಲ, ಸ್ಕೇಲ್ ಹಿಡಿದು ಅಳೆದವರು ಕಾಣುತ್ತಾರೆ.

ಸ್ವೀಡನ್ನಿನ ಬೆಂಗ್ಟ್ ಇಲೋನ್ 1970ರ ದಶಕದಲ್ಲಿ ರೂಪಿಸಿದ ಮೆಕಾನಮ್ ಗಾಲಿಯ ಮೋಹ ಈಗ ಎಲ್ಲರಿಗೂ ಇದೆ. ಅಂಚಿಗೆ 45 ಡಿಗ್ರಿ ಓರೆಯಾಗಿ ಕೂರಿಸಿದ ಪುಟ್ಟ ಉರುಳೆಗಳು ರೋಬೋವನ್ನು ಏಡಿಯ ಹಾಗೆ ಪಕ್ಕಕ್ಕೆ ನಡೆಸುತ್ತವೆ. ನಯವಾದ ನೆಲಕ್ಕೆ ಸರಿ. ಕಲ್ಲು, ಮರಳು ಸುರಿದ ರೋಬೋ ರೇಸಿನ ಟ್ರ್ಯಾಕಿಗೆ ಬೇಡ.

ಚೌಕಟ್ಟು ಕಟ್ಟುವಾಗ ಸಾಮಾನ್ಯವಾಗಿ ಕೈಕೊಡುವುದು ಮೋಟರಿನ ಶಾಫ್ಟಿಗೂ ಗಾಲಿಗೂ ನಡುವಿನ ಹಬ್. ಶಾಫ್ಟ್ 6 ಮಿ.ಮೀ.ನದಾದರೆ ಮೋಟರನ್ನೇ ಲೇಥ್ ಅಂಗಡಿಗೆ ಒಯ್ದು, ಶಾಫ್ಟನ್ನು ತೂರಿಸಿ ನೋಡಿಯೇ ಹಬ್ಬಿನ ತೂತು ಕಡೆಸಿ. ಬಿಗಿಯುವ ಸ್ಕ್ರೂ ಕೂರಲು ಶಾಫ್ಟಿನ ಒಂದು ಮಗ್ಗುಲನ್ನು ಅರದಿಂದ ಚಪ್ಪಟೆ ಮಾಡಿಕೊಳ್ಳಿ. ಇಲ್ಲದಿದ್ದರೆ ಶಾಫ್ಟ್ ತಿರುಗುತ್ತದೆ, ಗಾಲಿ ನಿಂತಿರುತ್ತದೆ.