ಚಂಡಮಾರುತಾನಂತರದ ಪುನರ್ವಸತಿಯಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳ ದಳ

ಅಮೆರಿಕ ಸಂಯುಕ್ತ ಸಂಸ್ಥಾನದ ಸೇನಾ ಎಂಜಿನಿಯರುಗಳ ದಳವು (ಆರ್ಮಿ ಕೋರ್ ಆಫ್ ಎಂಜಿನಿಯರ್ಸ್) ಆ ದೇಶದ ಭೂಸೇನೆಗೆ ಸೇರಿದ ಒಂದು ನಿರ್ಮಾಣ ಸಂಸ್ಥೆ. ಹೆಸರಿನಲ್ಲಿ ಸೇನೆಯಿದ್ದರೂ ಇದರ ಸಿಬ್ಬಂದಿಯಲ್ಲಿ ಬಹುಪಾಲು ಜನ ಸಮವಸ್ತ್ರವಿಲ್ಲದ ನಾಗರಿಕ ನೌಕರರು. ಅಣೆಕಟ್ಟು, ನದಿಯ ಒಡ್ಡು, ಬಂದರು ಮತ್ತು ಜಲಮಾರ್ಗಗಳ ನಿರ್ಮಾಣ ಇದರ ನಿತ್ಯದ ಕೆಲಸ. ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟುವ 'ಹರಿಕೇನ್' ಎಂಬ ಪ್ರಬಲ ಚಂಡಮಾರುತಗಳು ಊರುಗಳನ್ನು ಹಾಳುಗೆಡವಿದಾಗ ನೀರು ಹೊರಹಾಕುವುದು, ಅವಶೇಷಗಳನ್ನು ತೆರವುಗೊಳಿಸುವುದು, ಆಸ್ಪತ್ರೆ ಮತ್ತು ನೀರು ಸರಬರಾಜು ಕೇಂದ್ರಗಳಿಗೆ ಜನರೇಟರ್ ಒದಗಿಸುವುದು ಮುಂತಾದ ಹೊಣೆಗಳೂ ಇದರ ಮೇಲೆ ಬೀಳುತ್ತವೆ. ಇಂಥ ಸಂದರ್ಭದಲ್ಲಿ ದಳವು ಸಾಮಾನ್ಯವಾಗಿ ಒಕ್ಕೂಟ ಸರ್ಕಾರದ ತುರ್ತು ನಿರ್ವಹಣಾ ಸಂಸ್ಥೆಯಾದ ಫೀಮಾ ವಹಿಸಿಕೊಟ್ಟ ಕಾರ್ಯಗಳನ್ನು ನೆರವೇರಿಸುತ್ತದೆ.

ಹಿನ್ನೆಲೆ

1900ರ ಸೆಪ್ಟೆಂಬರ್ 8ರಂದು ಟೆಕ್ಸಾಸಿನ ಗ್ಯಾಲ್ವೆಸ್ಟನ್ ದ್ವೀಪನಗರವನ್ನು ಚಂಡಮಾರುತ ಮುಳುಗಿಸಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ಬಳಿಕ ನಗರದ ರಕ್ಷಣೆಗೆ ಉಪಾಯ ಸೂಚಿಸಲು ನೇಮಕಗೊಂಡ ಮೂವರು ಎಂಜಿನಿಯರುಗಳಲ್ಲಿ ಹೆನ್ರಿ ಮಾರ್ಟಿನ್ ರಾಬರ್ಟ್ ಒಬ್ಬರು. ಇವರು ಸೇನಾ ಎಂಜಿನಿಯರುಗಳ ದಳದ ಮುಖ್ಯಸ್ಥರಾಗಿ ನಿವೃತ್ತರಾದವರು. ಸಭೆಗಳನ್ನು ನಡೆಸುವ ಕ್ರಮವನ್ನು ವಿವರಿಸುವ 'ರಾಬರ್ಟ್ಸ್ ರೂಲ್ಸ್' ಎಂಬ ಪ್ರಸಿದ್ಧ ಕೈಪಿಡಿಯ ಕರ್ತೃವೂ ಇವರೇ. ಇವರ ಸಲಹೆಯಂತೆ ಸುಮಾರು 17 ಅಡಿ ಎತ್ತರದ ಸಮುದ್ರ ಗೋಡೆ ಎದ್ದಿತು. ಗೋಡೆಯ ಹಿಂದಿನ ನೆಲವನ್ನೇ ಮರಳು ತುಂಬಿ ಎತ್ತರಿಸಲಾಯಿತು.

ಕತ್ರಿನಾ ಮತ್ತು ನ್ಯೂ ಆರ್ಲಿಯನ್ಸ್

ದಳದ ಶಕ್ತಿ ಮತ್ತು ವೈಫಲ್ಯ ಎರಡೂ ಒಟ್ಟಿಗೆ ಬೆಳಕಿಗೆ ಬಂದದ್ದು 2005ರಲ್ಲಿ. ಆ ವರ್ಷದ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಲೂಯಿಸಿಯಾನದ ತೀರವನ್ನು ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರವು ಮಿಸಿಸಿಪ್ಪಿ ನದಿ ಹಾಗೂ ಪಾಂಚರ್ಟ್ರೇನ್ ಸರೋವರದ ನಡುವೆ ಬೋಗುಣಿಯಂತೆ ತಗ್ಗಿನಲ್ಲಿದ್ದು, ಅದರ ಸುಮಾರು ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. 17ನೇ ಬೀದಿ ಕಾಲುವೆ, ಲಂಡನ್ ಅವೆನ್ಯೂ ಕಾಲುವೆ, ಇಂಡಸ್ಟ್ರಿಯಲ್ ಕಾಲುವೆ ಮೊದಲಾದೆಡೆ ಒಡ್ಡುಗಳೂ ಗೋಡೆಗಳೂ ಒಡೆದು ನಗರದ ಸುಮಾರು ಶೇಕಡಾ 80 ಭಾಗ ಜಲಾವೃತವಾಯಿತು.

ಬೋಗುಣಿಯೊಳಗೆ ಬಿದ್ದ ನೀರು ತಾನಾಗಿ ಹರಿದುಹೋಗುವುದಿಲ್ಲ. ಹೊರಗಿನ ನೀರನ್ನು ತಡೆಯಲೆಂದು ಕಟ್ಟಿದ ಒಡ್ಡುಗಳೇ ಈಗ ಒಳಗಿನ ನೀರನ್ನು ಹಿಡಿದಿಟ್ಟಿದ್ದವು. ಮಳೆನೀರನ್ನು ಎತ್ತಿ ಸರೋವರಕ್ಕೆ ಹಾಕುತ್ತಿದ್ದ ನಗರದ ಪಂಪುಗಳಲ್ಲಿ ಹಲವು ವಿದ್ಯುತ್ತಿಲ್ಲದೆ ನಿಂತಿದ್ದವು, ಕೆಲವು ಸ್ವತಃ ಮುಳುಗಿದ್ದವು. ಬಿರುಕುಗಳನ್ನು ಮುಚ್ಚದೆ ಪಂಪು ನಡೆಸಿದರೆ ಎತ್ತಿದ ನೀರೇ ಮರಳಿ ಒಳಗೆ ಬರುವಂತಿತ್ತು. ಆದ್ದರಿಂದ ಮೊದಲು ಹೆಲಿಕಾಪ್ಟರುಗಳಿಂದ ಟನ್ನುಗಟ್ಟಲೆ ತೂಕದ ಮರಳಿನ ಚೀಲಗಳನ್ನು ಬಿರುಕಿಗೆ ಇಳಿಸಲಾಯಿತು. ಕಾಲುವೆ ಸರೋವರವನ್ನು ಸೇರುವಲ್ಲಿ ಉಕ್ಕಿನ ಹಲಗೆಗಳನ್ನು ನೆಲಕ್ಕೆ ಹೊಡೆದು ಅಡ್ಡಗಟ್ಟಲಾಯಿತು. ಸರೋವರದ ಮಟ್ಟ ಇಳಿದ ಮೇಲೆ, ಕೆಲವೆಡೆ ಗಟ್ಟಿಯಾಗಿಯೇ ಉಳಿದಿದ್ದ ಒಡ್ಡುಗಳನ್ನು ಬೇಕೆಂದೇ ಕಡಿದು ಒಳಗಿನ ನೀರಿಗೆ ದಾರಿ ಮಾಡಿಕೊಡಲಾಯಿತು. ಉಳಿದದ್ದನ್ನು ಪಂಪುಗಳು ಎತ್ತಿದವು. ಸೆಪ್ಟೆಂಬರ್ ತಿಂಗಳಲ್ಲಿ ರೀಟಾ ಚಂಡಮಾರುತ ಬಂದು ತಾತ್ಕಾಲಿಕ ದುರಸ್ತಿಯನ್ನು ಮೀರಿ ನೀರು ನುಗ್ಗಿದ್ದರಿಂದ ಲೋವರ್ ನೈನ್ತ್ ವಾರ್ಡ್ ಬಡಾವಣೆ ಎರಡನೆಯ ಸಲ ಮುಳುಗಿತು. ಅಂತಿಮವಾಗಿ ಅಕ್ಟೋಬರ್ 11ರಂದು ನೀರು ಹೊರಹಾಕುವ ಕಾರ್ಯ ಮುಗಿಯಿತು. ಮಲಿನ ನೀರನ್ನು ಸರೋವರಕ್ಕೆ ಬಿಟ್ಟದ್ದು ಆಕ್ಷೇಪಕ್ಕೆ ಗುರಿಯಾದರೂ ಬೇರೆ ಮಾರ್ಗವಿರಲಿಲ್ಲ.

ಹೊಣೆಗಾರಿಕೆಯ ಪ್ರಶ್ನೆ

ಒಡೆದ ಗೋಡೆಗಳನ್ನು ವಿನ್ಯಾಸಗೊಳಿಸಿ ಕಟ್ಟಿಸಿದ್ದು ಇದೇ ದಳ. 1965ರ ಬೆಟ್ಸಿ ಚಂಡಮಾರುತದ ನಂತರ ಅಮೆರಿಕದ ಸಂಸತ್ತು ಆ ಕಾರ್ಯವನ್ನು ಇದಕ್ಕೆ ಒಪ್ಪಿಸಿತ್ತು. ನಿರ್ವಹಣೆ ಮಾತ್ರ ಸ್ಥಳೀಯ ಒಡ್ಡು ಮಂಡಲಿಗಳದು. 17ನೇ ಬೀದಿ ಮತ್ತು ಲಂಡನ್ ಅವೆನ್ಯೂ ಕಾಲುವೆಗಳಲ್ಲಿ ನೀರು ಗೋಡೆಯ ತಲೆ ಮುಟ್ಟುವ ಮೊದಲೇ ಗೋಡೆ ಕುಸಿದಿತ್ತೆಂದು ತನಿಖೆಗಳು ತೋರಿಸಿದವು. ನೀರಿನ ಒತ್ತಡಕ್ಕೆ ಗೋಡೆ ತುಸು ಬಾಗಿ ಅದಕ್ಕೂ ಒಡ್ಡಿನ ಮಣ್ಣಿಗೂ ನಡುವೆ ಸೀಳು ಬಿಟ್ಟಿತ್ತು. ನೀರು ಆ ಸೀಳಿಗಿಳಿದು ತಳದ ದುರ್ಬಲ ನೆಲದ ಮೇಲಿನಿಂದ ಗೋಡೆಯನ್ನು ದೂಡಿಹಾಕಿತ್ತು. ಚಂಡಮಾರುತ ಅತಿ ದೊಡ್ಡದಾಗಿತ್ತು ಎಂಬ ಸಮಾಧಾನ ಈ ಕಾಲುವೆಗಳ ಮಟ್ಟಿಗೆ ಸಲ್ಲದು. 2006ರಲ್ಲಿ ದಳದ ಮುಖ್ಯಸ್ಥರಾಗಿದ್ದ ಕಾರ್ಲ್ ಸ್ಟ್ರಾಕ್ ವಿನ್ಯಾಸದ ಲೋಪವನ್ನು ಸಾರ್ವಜನಿಕವಾಗಿ ಒಪ್ಪಿಕೊಂಡರು. ಆದರೆ ಪ್ರವಾಹ ನಿಯಂತ್ರಣ ಕಾಮಗಾರಿಗಳಿಂದಾಗುವ ಹಾನಿಗೆ ಒಕ್ಕೂಟ ಸರ್ಕಾರವನ್ನು ಹೊಣೆ ಮಾಡಬಾರದೆಂಬ 1928ರ ಕಾನೂನು ಅಡ್ಡ ಬಂದುದರಿಂದ, ಈ ಕಾಲುವೆ ಗೋಡೆಗಳ ಬಗ್ಗೆ ನಿವಾಸಿಗಳು ಹೂಡಿದ ದಾವೆಯನ್ನು ನ್ಯಾಯಾಲಯ 2008ರಲ್ಲಿ ವಜಾ ಮಾಡಿತು. ಲೋಪ ಒಪ್ಪಿತವಾಗಿತ್ತು, ಪರಿಹಾರ ಮಾತ್ರ ಸಿಗಲಿಲ್ಲ.

ನೀಲಿ ಸೂರು

ಗಾಳಿಗೆ ಸೂರು ಹಾರಿದ ಮನೆಗಳಿಗೆ ಬಲವಾದ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಉಚಿತವಾಗಿ ಹೊದಿಸುವ ಕಾರ್ಯಕ್ರಮವು 'ಆಪರೇಷನ್ ಬ್ಲೂ ರೂಫ್' ಎಂದು ಹೆಸರಾಗಿದೆ. ಶಾಶ್ವತ ದುರಸ್ತಿಯಾಗುವವರೆಗೆ ಕುಟುಂಬ ತನ್ನ ಮನೆಯಲ್ಲೇ ಇರಲು ಇದು ನೆರವಾಗುತ್ತದೆ. ಮಾಡಿನ ಚೌಕಟ್ಟು ಬಹುಮಟ್ಟಿಗೆ ಗಟ್ಟಿಯಾಗಿರಬೇಕು. ಹಾಳೆಗೆ ಮೊಳೆ ಹೊಡೆಯಲಾಗದ ಹೆಂಚಿನ ಮಾಡುಗಳು ಸಾಮಾನ್ಯವಾಗಿ ಈ ಸೌಲಭ್ಯದಿಂದ ಹೊರಗುಳಿಯುತ್ತವೆ. ಕತ್ರಿನಾ ಮತ್ತು ರೀಟಾ ನಂತರ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೀಗೆ ಹೊದಿಕೆ ಹಾಕಲಾಯಿತು. ಗುತ್ತಿಗೆಯ ಕೆಳಗೆ ಉಪಗುತ್ತಿಗೆಗಳು ಸೇರಿ, ಸರ್ಕಾರ ಕೊಟ್ಟ ದರಕ್ಕೂ ಮಾಡು ಹತ್ತಿದ ಕೂಲಿಗೆ ಸಿಕ್ಕ ಹಣಕ್ಕೂ ಬಹಳ ಅಂತರವಿತ್ತೆಂಬ ಟೀಕೆಯೂ ಬಂತು.

ನಂತರದ ವರ್ಷಗಳು

2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟರಿಕೋ ದ್ವೀಪದ ವಿದ್ಯುತ್ ಜಾಲವನ್ನು ಸಂಪೂರ್ಣ ಕೆಡವಿದಾಗ, ದಳಕ್ಕೆ ಆ ಜಾಲದ ದುರಸ್ತಿಯ ಹೊಣೆಯೂ ಬಂತು. ಗುಡ್ಡಗಾಡಿನ ಕೆಲವು ಮನೆಗಳಿಗೆ ದೀಪ ಬರಲು ಸುಮಾರು ಒಂದು ವರ್ಷವೇ ಹಿಡಿಯಿತು.

ನ್ಯೂ ಆರ್ಲಿಯನ್ಸಿನ ಸುತ್ತ ಸುಮಾರು 1,450 ಕೋಟಿ ಡಾಲರ್ ವೆಚ್ಚದಲ್ಲಿ ಒಡ್ಡು, ಗೋಡೆ, ಗೇಟು ಹಾಗೂ ಪಂಪುಗಳ ಹೊಸ ವ್ಯವಸ್ಥೆಯನ್ನು ದಳ ನಿರ್ಮಿಸಿತು. ಸರೋವರದ ನೀರು ಕಾಲುವೆಗಳಿಗೆ ನುಗ್ಗದಂತೆ ಈಗ ಅವುಗಳ ಬಾಯಲ್ಲೇ ಗೇಟುಗಳಿವೆ. 2021ರ ಆಗಸ್ಟ್ 29ರಂದು, ಕತ್ರಿನಾ ಬಂದ ದಿನಕ್ಕೆ ಸರಿಯಾಗಿ 16 ವರ್ಷಗಳ ಬಳಿಕ, ಐಡಾ ಚಂಡಮಾರುತ ಬಂದಾಗ ಈ ವ್ಯವಸ್ಥೆ ತಡೆದುಕೊಂಡಿತು. ಆದರೆ ಅದರ ಹೊರಗಿದ್ದ ಲಾಪ್ಲಾಸ್ ಊರಿನ ಮನೆಗಳಿಗೆ ನೀರು ನುಗ್ಗಿತು. ಆ ಊರಿನ ಒಡ್ಡು ಆಗಿನ್ನೂ ನಿರ್ಮಾಣದ ಹಂತದಲ್ಲಿತ್ತು.